ಪೆಟ್ಟಿಗೆಯೊಳಗಿನ ಕೋವಿ: ಹೊಡೆಯಲಾ, ಇಡಲಾ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು. ಟೆಕ್ಸಾಸ್‌ಗೆ ಬಂದು ಹದಿನೆಂಟು ವರ್ಷ ಆಯಿತು, ಗ್ರೀನ್ ಕಾರ್ಡ್ ಇದೆ. ಪಕ್ಕದ ಮನೆಯ ಅಜ್ಜ ಹೋದ ವರ್ಷ ತೀರಿಕೊಂಡರು. ಅವರ ಹತ್ತಿರ ಇದ್ದ ಎರಡು ವಿಂಚೆಸ್ಟರ್ ಲಿವರ್ ಆಕ್ಷನ್ (ಕೆಳಗಿನ ಹಿಡಿ ಎಳೆದು ಮುಂದಿನ ತೋಟಾ ಏರಿಸುವ) ಕೋವಿಗಳನ್ನು ಅವರ ಹೆಂಡತಿ ನನಗೇ ಕೊಡಬೇಕು ಅಂತ ಹಟ ಹಿಡಿದು ಕಡಿಮೆ ದುಡ್ಡಿಗೆ ಕೊಟ್ಟರು. ಒಂದು 1968ರದ್ದು, ಬಫಲೋ ಬಿಲ್ ಅನ್ನುವ ಹಳೆಯ ಬೇಟೆಗಾರನ ಸ್ಮರಣೆಗೆ ಕಂಪನಿ ಮಾಡಿದ ಕಾರ್ಬೈನ್, ಅಂದರೆ ಗಿಡ್ಡ ನಳಿಗೆಯ ಕೋವಿ. ಇನ್ನೊಂದು 1981ರದ್ದು, ಕೌಬಾಯ್ ಸಿನಿಮಾಗಳ ನಟ ಜಾನ್ ವೇಯ್ನ್ ಸ್ಮರಣೆಯದು. ಬಫಲೋ ಬಿಲ್‌ಗೆ ಒಳಪೆಟ್ಟಿಗೆ ಇದೆ, ಹೊರಗಿನ ರಟ್ಟಿನ ಕವಚ ಇಲ್ಲ, ಎಡಗಡೆ ಉಂಗುರ ತಾಗಿ ಗೀರು ಬಿದ್ದಿದೆ. ಜಾನ್ ವೇಯ್ನ್ ಪೆಟ್ಟಿಗೆಯಿಂದ ಹೊರಗೇ ಬಂದ ಹಾಗಿಲ್ಲ, ಕಾಗದ ಪತ್ರ ಎಲ್ಲ ಇದೆ. ಗುರಿ ಅಭ್ಯಾಸದ ರೇಂಜಿನ ಗೆಳೆಯರು ಒಂದು ಗುಂಡು ಹೊಡೆದರೂ ಬೆಲೆ ಅರ್ಧ ಬಿದ್ದುಹೋಗುತ್ತದೆ ಅನ್ನುತ್ತಾರೆ. ಊರಲ್ಲಿ ಅಜ್ಜನ ಕೋವಿ ಕೈಲ್‌ಪೊಳ್ದಿಗೆ (ಕೊಡವರ ಆಯುಧ ಹಬ್ಬ) ಪೂಜೆಯಾದ ಮೇಲೆ ತೆಂಗಿನಕಾಯಿಗೆ ಒಂದು ಗುಂಡಾದರೂ ಹೊಡೆಯುತ್ತಿತ್ತು. ಹೊಡೆಯದೆ ಇಡುವ ಕೋವಿ ನನಗೆ ಅರ್ಥವೇ ಆಗುವುದಿಲ್ಲ. ಏನು ಮಾಡಲಿ ಸರ್?

ಉತ್ತರ:

ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಮಾತು. ಬಫಲೋ ಬಿಲ್ ತೆಗೆದುಕೊಂಡು ಹೋಗಿ ಹೊಡೆಯಿರಿ. ಜಾನ್ ವೇಯ್ನ್‌ನ ಲಿವರ್ ಕೂಡ ಎಳೆಯಬೇಡಿ. ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಒಂದು ಕೋವಿಯ ಮಟ್ಟಿಗೆ ನಿಜ. ಇನ್ನೊಂದರ ಮಟ್ಟಿಗೆ ಆ ಬೆಲೆ ನಿಮ್ಮ ಕೈಗೆ ಬರುವ ಎಷ್ಟೋ ಮೊದಲೇ ಬಿದ್ದಾಗಿದೆ. ಬಿದ್ದ ಬೆಲೆ ಎರಡನೇ ಸಲ ಬೀಳುವುದಿಲ್ಲ, ಅಲ್ವಾ?

ನಾನು ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರ. ಮಾಡಿನ ಕೆಳಗೆ ಕೇಪಿನ ಕೋವಿ ಒರಗಿಸಿಟ್ಟ ಮನೆಯವನೇ. ಆದ್ದರಿಂದ ನಿಮ್ಮ ತಳಮಳ ಗೊತ್ತಾಗುತ್ತದೆ. ಆದರೆ ಅಮೆರಿಕದಲ್ಲಿ ಹಳೆಯ ಲಿವರ್ ಆಕ್ಷನ್‌ಗಳಿಗೆ ಬೆಲೆ ಕಟ್ಟಿಕೊಂಡು ಇಷ್ಟು ವರ್ಷ ಕಳೆದ ಮೇಲೆ ಒಂದು ಅಭ್ಯಾಸ ಬಂದಿದೆ. ಕೋವಿ ನೋಡುವ ಮೊದಲು ಅದು ಎಂಥ ಕಾಲದ್ದು, ಯಾಕೆ ಹುಟ್ಟಿತು ಅಂತ ನೋಡುತ್ತೇನೆ.

ನಿಮ್ಮ ಹತ್ತಿರ ಇರುವ ಎರಡೂ ಮೂಲದಲ್ಲಿ ವಿಂಚೆಸ್ಟರ್ ಮಾಡೆಲ್ 94. ಜಾನ್ ಬ್ರೌನಿಂಗ್ ಅನ್ನುವ ಮಹಾ ಬುದ್ಧಿವಂತ ಮಾಡಿಕೊಟ್ಟ ವಿನ್ಯಾಸ, 1894ರಲ್ಲಿ ಪೇಟೆಗೆ ಬಂತು. ಮರುವರ್ಷ ಅದಕ್ಕೆ ಹೊಗೆಯಿಲ್ಲದ ಮದ್ದಿನ, 30-30 ಅನ್ನುವ ಅಳತೆಯ ತೋಟಾ ಸೇರಿತು. ಅಲ್ಲಿಂದ ಅದು ಅಮೆರಿಕದ ಹಳ್ಳಿಮನೆಯ ಕೋವಿ ಆಯಿತು. ಅಡುಗೆಮನೆ ಬಾಗಿಲ ಹಿಂದೆ ಒಂದು, ಪಿಕಪ್ ಗಾಡಿಯ ಹಿಂದಿನ ಕಿಟಕಿಯಲ್ಲಿ ಒಂದು. ಕನೆಕ್ಟಿಕಟ್‌ನ ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕುವ ಹೊತ್ತಿಗೆ ಎಪ್ಪತ್ತು ಲಕ್ಷ ದಾಟಿತ್ತು. ಈಗ ಬರುವ ಹೊಸ 94ಗಳನ್ನು ಜಪಾನಿನ ಮಿರೋಕು ಕಂಪನಿ ಮಾಡುತ್ತದೆ.

ಈ ಕಥೆಯಲ್ಲಿ ಒಂದು ಗೆರೆ ಇದೆ: 1964. ಆ ವರ್ಷ ಕಂಪನಿ ಖರ್ಚು ಇಳಿಸಲು ಹೊರಟಿತು. ಕಡೆದು ಮಾಡುತ್ತಿದ್ದ ಭಾಗಗಳ ಜಾಗಕ್ಕೆ ಅಚ್ಚೊತ್ತಿದ ತಗಡು ಬಂತು. ಗಟ್ಟಿ ಪಿನ್ನುಗಳ ಜಾಗಕ್ಕೆ ಸುರುಳಿ ಸುತ್ತಿದ ಟೊಳ್ಳು ಪಿನ್ನು ಬಂತು. ರಿಸೀವರ್‌ನ, ಅಂದರೆ ಯಂತ್ರವೆಲ್ಲ ಕೂರುವ ನಡುಭಾಗದ, ಲೋಹವೂ ಬದಲಾಯಿತು. ಇವತ್ತಿಗೂ ಅಂಗಡಿಯಲ್ಲಿ 94 ಕೈಗೆತ್ತಿಕೊಂಡವನು ಮೊದಲು ಕೇಳುವುದು, ಇದು 64ಕ್ಕೆ ಮೊದಲಿನದಾ ಆಮೇಲಿನದಾ ಅಂತಲೇ. ಆಮೇಲಿನವು ಕೆಟ್ಟ ಕೋವಿಗಳು ಅಂತ ನಾನು ಹೇಳುವುದಿಲ್ಲ. ಗುಂಡು ನೇರ ಹೋಗುತ್ತದೆ, ಜಿಂಕೆ ಬೀಳುತ್ತದೆ. ಆದರೆ ಜನರ ಮನಸ್ಸಿನಲ್ಲಿ ಹೆಸರು ಕೆಟ್ಟಿತು.

ಅದೇ ವರ್ಷ ಕಂಪನಿಗೆ ಇನ್ನೊಂದು ದಾರಿ ಕಂಡಿತು. ವಯೋಮಿಂಗ್ ರಾಜ್ಯದ 75ನೇ ವರ್ಷಕ್ಕೆಂದು ಅಲಂಕಾರ ಮಾಡಿದ 94ಗಳನ್ನು ಸುಮಾರು 1,500 ಮಾಡಿತು. ಮಾರಿಹೋದವು. 1966ರಲ್ಲಿ ಕಂಪನಿಯದ್ದೇ ನೂರನೇ ವರ್ಷದ ನೆಪದಲ್ಲಿ ಚಿನ್ನದ ಲೇಪದ ರಿಸೀವರ್ ಹಾಕಿ ಸೆಂಟೆನಿಯಲ್ 66 ಬಿಟ್ಟಿತು. ಅದು ಒಂದು ಲಕ್ಷ ದಾಟಿತು! ಆಮೇಲೆ ತಡೆಯುವವರು ಯಾರು? 1967ರಲ್ಲಿ ಕೆನಡಾ ದೇಶದ ನೂರನೇ ವರ್ಷಕ್ಕೆ ಒಂದು, ಅದು ಒಂದು ಲಕ್ಷದ ಹತ್ತಿರ. 1968ರಲ್ಲಿ ನಿಮ್ಮ ಬಫಲೋ ಬಿಲ್, ಅದೂ ಲಕ್ಷ ದಾಟಿತು. 1969ರಲ್ಲಿ ರೈಲು ಹಳಿ ಯೂಟಾದಲ್ಲಿ ಕೂಡಿದ ನೂರನೇ ವರ್ಷಕ್ಕೆ ಗೋಲ್ಡನ್ ಸ್ಪೈಕ್, ಅದೇ ವರ್ಷ ಥಿಯೋಡೋರ್ ರೂಸ್‌ವೆಲ್ಟ್. 1970ರಲ್ಲಿ ಕೌಬಾಯ್, ಮತ್ತೆ ಟೆಕ್ಸಾಸ್‌ನ ಲೋನ್ ಸ್ಟಾರ್. ಒಂದು ಹಂತದಲ್ಲಿ ನೆಪಗಳೇ ಮುಗಿದುಹೋದವು ಅಂತ ಕಾಣುತ್ತದೆ. 1978ರಲ್ಲಿ ಕೊಂಬಿರುವ ಬೇಟೆಪ್ರಾಣಿಗಳ ಹೆಸರಲ್ಲೂ ಒಂದು ಬಂತು.

ಈಗ ಲೆಕ್ಕಕ್ಕೆ ಬನ್ನಿ, ಇಲ್ಲೇ ಎಲ್ಲ ಇರುವುದು.

ಹಳೆಯ ವಸ್ತು ದುಬಾರಿ ಆಗುವುದು ಅದು ಹಳೆಯದಾದ್ದರಿಂದ ಅಲ್ಲ. ಉಳಿದವು ಕಡಿಮೆ ಆದ್ದರಿಂದ. 1894ರ ಮೊದಲ ಕೋವಿಗಳು ಮಳೆಯಲ್ಲಿ ನೆನೆದವು, ಕುದುರೆಯಿಂದ ಬಿದ್ದವು, ನದಿಯಲ್ಲಿ ಮುಳುಗಿದವು. ಚೆನ್ನಾಗಿ ಉಳಿದದ್ದು ತೀರಾ ಕಡಿಮೆ. ಅದಕ್ಕೇ ಅವಕ್ಕೆ ಬೆಲೆ. ಸ್ಮರಣೆಯ ಕೋವಿಗಳ ವಿಷಯ ಇದರ ಉಲ್ಟಾ. ಕೊಂಡವರೆಲ್ಲ ಮೊದಲ ದಿನದಿಂದಲೇ 'ಮುಂದೆ ಬೆಲೆ ಬರುತ್ತದೆ' ಅಂತ ಪೆಟ್ಟಿಗೆ ಸಮೇತ ಅಟ್ಟಕ್ಕೆ ಏರಿಸಿದರು. ಲಕ್ಷ ಜನ ಒಂದೇ ಜಾಣತನ ಮಾಡಿದರೆ ಅದು ಜಾಣತನವಾಗಿ ಉಳಿಯುವುದಿಲ್ಲ. ಇವತ್ತು ಆ ತಲೆಮಾರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅಟ್ಟದಿಂದ ಪೆಟ್ಟಿಗೆಗಳು ಒಂದೊಂದೇ ಇಳಿಯುತ್ತಿವೆ. ನಿಮ್ಮ ಪಕ್ಕದ ಮನೆಯಲ್ಲಿ ಆದದ್ದೂ ಅದೇ.

1968ರಲ್ಲಿ ಬಫಲೋ ಬಿಲ್‌ಗೆ ಸುಮಾರು 130 ಡಾಲರ್ ಇತ್ತು. ಹಣದುಬ್ಬರ ಹಾಕಿ ನೋಡಿದರೆ ಆ 130 ಈಗಿನ 1,100ಕ್ಕೂ ಜಾಸ್ತಿ. ಈಗ ಹರಾಜಿನಲ್ಲಿ ಪೆಟ್ಟಿಗೆ ಸಮೇತ ಒಳ್ಳೆಯ ಬಫಲೋ ಬಿಲ್ ಆ ಮೊತ್ತ ಮುಟ್ಟಿದರೆ ಮಾರಿದವನ ಪುಣ್ಯ. ಅಂದರೆ ಐವತ್ತು ಚಿಲ್ಲರೆ ವರ್ಷ ಎಣ್ಣೆ ಹಚ್ಚಿ, ಒರೆಸಿ, ಮಕ್ಕಳ ಕೈಗೆ ಸಿಗದಂತೆ ಕಾದ ಅಜ್ಜನಿಗೆ ಸಿಕ್ಕ ಲಾಭ ಸೊನ್ನೆ. ಆ ದುಡ್ಡನ್ನು ಬ್ಯಾಂಕಿನಲ್ಲಿ ಸುಮ್ನೆ ಬಿಟ್ಟಿದ್ದರೂ ಜಾಸ್ತಿ ಬರುತ್ತಿತ್ತು. ನೀವೂ ಬೆಲೆ ನೋಡುವಾಗ ಒಂದು ಎಚ್ಚರ ಇರಲಿ. ಆನ್‌ಲೈನ್ ಹರಾಜಿನಲ್ಲಿ ಮಾರುವವನು ಕೇಳಿದ ಬೆಲೆ ನೋಡಬೇಡಿ, ಮಾರಾಟ ಮುಗಿದವುಗಳ ಬೆಲೆ ನೋಡಿ. ಕೇಳುವುದಕ್ಕೆ ಏನು, ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು.

ಕಡಿಮೆ ಮಾಡಿದವು ಬೇರೆ ಮಾತು. 1964ರ ವಯೋಮಿಂಗ್, 1966ರ ನೆಬ್ರಾಸ್ಕಾ, 1967ರ ಅಲಾಸ್ಕಾ ಇವೆಲ್ಲ ಒಂದೂವರೆ ಎರಡೂವರೆ ಸಾವಿರದ ಲೆಕ್ಕದವು. ಅವನ್ನು ಹುಡುಕುವವರು ಇವತ್ತಿಗೂ ಇದ್ದಾರೆ. ನಿಮಗೆ ಸಿಕ್ಕಿದ್ದು ಅವಲ್ಲ.

ಈಗ ಬಫಲೋ ಬಿಲ್‌ನ್ನು ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಮಲಗಿಸಿ. ಕಿಟಕಿ ಹತ್ತಿರ, ಬೆಳಕು ಓರೆಯಾಗಿ ಬೀಳುವಂತೆ. ಸಂಗ್ರಹಕಾರ ಹೇಗೆ ನೋಡುತ್ತಾನೋ ಹಾಗೆ ನೋಡೋಣ.

ಮೊದಲು ಎಡಬದಿ. ಕುದುರೆ ಸವಾರ ಕೋವಿಯನ್ನು ಜೀನಿಗೆ ಕಟ್ಟಿಕೊಳ್ಳಲಿ ಅಂತ ಅಲ್ಲಿ ಒಂದು ನಿಕ್ಕಲ್ ಉಂಗುರ ಇದೆ. ಕೋವಿ ಎತ್ತಿದಾಗಲೆಲ್ಲ ಅದು ತೂಗಾಡುತ್ತದೆ, ತೂಗಾಡಿದಾಗಲೆಲ್ಲ ರಿಸೀವರ್‌ಗೆ ತಾಗುತ್ತದೆ. ನೀವು ಹೇಳಿದ ಗೀರು ಅದೇ. ಉಗುರಿನಿಂದ ಚಂದ್ರ ಬರೆದ ಹಾಗೆ ಕಾಣುತ್ತದೆ. ಪೆಟ್ಟಿಗೆಯಲ್ಲೇ ಮಲಗಿದ್ದ ಕೋವಿಗೆ ಅದು ಬರುವುದಿಲ್ಲ. ಅಜ್ಜ ಅದನ್ನು ಆಗಾಗ ಕೈಯಲ್ಲಿ ಹಿಡಿದು ಕೂತಿರಬೇಕು. ನನಗೆ ಅದು ಇಷ್ಟವೇ.

ಆಮೇಲೆ ಬಲಬದಿಯ ತೋಟಾ ತುಂಬುವ ಬಾಗಿಲು. ನಿಕ್ಕಲ್ ಲೇಪದ ಆ ಚಿಕ್ಕ ರೆಕ್ಕೆಯ ಮೇಲೆ ಉದ್ದುದ್ದ ಕೂದಲೆಳೆಯಂಥ ಗೆರೆಗಳಿವೆಯಾ ನೋಡಿ. ಹಿತ್ತಾಳೆಯ ತೋಟಾ ಒತ್ತಿ ಒಳಗೆ ನೂಕಿದಾಗ ಬರುವ ಗೆರೆ ಅದು. ಲಿವರ್ ನಿಧಾನ ಇಳಿಸಿ, ತೋಟಾವನ್ನು ನಳಿಗೆಗೆ ದೂಡಿ ಹಿಂದಿನಿಂದ ಮುಚ್ಚುವ ಬೋಲ್ಟ್ ಹಿಂದಕ್ಕೆ ಬರಲಿ. ಬೋಲ್ಟಿನ ಮೂತಿಯಲ್ಲಿ ಹಳದಿ ಉಂಗುರದ ಗುರುತು ದಟ್ಟವಾಗಿದ್ದರೆ ಹೊಡೆದಿರುವ ಸಾಧ್ಯತೆ ಜಾಸ್ತಿ. ತೋಟಾದ ಹಿತ್ತಾಳೆ ಅಲ್ಲಿ ಅಂಟಿರುತ್ತದೆ. ಬೋಲ್ಟ್ ಹಿಂದೆ ಸರಿಯುವಾಗ, ಗುಂಡು ಸಿಡಿಸಲು ಬಡಿಯುವ ಹ್ಯಾಮರನ್ನು ಒತ್ತಿಕೊಂಡು ಹೋಗುತ್ತದೆ, ಹಾಗಾಗಿ ಬೋಲ್ಟಿನ ಹೊಟ್ಟೆಯಲ್ಲೂ ಒಂದು ಉಜ್ಜಿದ ಗೆರೆ ಬೀಳುತ್ತದೆ. ಗುಂಡು ಹೊಡೆಯದೆ ಸುಮ್ನೆ ಲಿವರ್ ಆಡಿಸಿದರೂ ಅದು ಬರುತ್ತದೆ. ಆದ್ದರಿಂದಲೇ ಜಾನ್ ವೇಯ್ನ್‌ನ ಲಿವರ್ ಎಳೆಯಬೇಡಿ ಅಂದದ್ದು.

ಇನ್ನೊಂದು ತಮಾಷೆ ಇದೆ. 'ಒಂದು ಗುಂಡೂ ಹೊಡೆಯದ ಕೋವಿ' ಅಂತ ಜಾಹೀರಾತು ನೋಡಿರುತ್ತೀರಿ. ಅಂಥದ್ದು ಭೂಮಿಯ ಮೇಲೆ ಇಲ್ಲ. ಕಾರ್ಖಾನೆಯಿಂದ ಹೊರಡುವ ಮೊದಲು ಪರೀಕ್ಷೆಗೆ ಹೊಡೆದೇ ಕಳಿಸುತ್ತಾರೆ. ಅವರು ಹೇಳುವುದು ಕಾರ್ಖಾನೆಯ ಆಚೆ ಹೊಡೆದಿಲ್ಲ ಅಂತ.

ಸಂಗ್ರಹಕಾರನ ಲೆಕ್ಕದಲ್ಲಿ ಸ್ಮರಣೆಯ ಕೋವಿಗೆ ಎರಡೇ ಸ್ಥಿತಿ. ಒಂದು, ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೆ. ಪೆಟ್ಟಿಗೆ, ಹೊರಗಿನ ಕವಚ, ನೇತುಹಾಕಿದ ಚೀಟಿ, ಕಾಗದ, ಎಲ್ಲ ಸೇರಿ. ಇನ್ನೊಂದು, ಮಿಕ್ಕ ಎಲ್ಲವೂ. ಸಾಮಾನ್ಯ ಹಳೆಯ ಕೋವಿಗೆ ನೂರಕ್ಕೆ ತೊಂಬತ್ತು, ಎಂಬತ್ತು ಅಂತ ಮೆಟ್ಟಿಲು ಮೆಟ್ಟಿಲಾಗಿ ಬೆಲೆ ಇಳಿಯುತ್ತದೆ. ಇವಕ್ಕೆ ಮೆಟ್ಟಿಲಿಲ್ಲ. ಮೊದಲ ಗೀರಿಗೇ ದೊಪ್ಪನೆ ಕೆಳಗೆ. ಕೊಳ್ಳುವವನಿಗೆ ಲಕ್ಷ ಕೋವಿಗಳಲ್ಲಿ ಆರಿಸಿಕೊಳ್ಳುವ ಅವಕಾಶ ಇದೆ. ಗೀರು ಬಿದ್ದದ್ದು ಅವನಿಗೆ ಯಾಕೆ?

ನಿಮ್ಮ ಬಫಲೋ ಬಿಲ್‌ಗೆ ಕವಚ ಇಲ್ಲ, ಚಂದ್ರನ ಗೀರು ಇದೆ. ಅದು ಕೆಳಗೆ ಬಿದ್ದಾಗಿದೆ. ಇನ್ನು ನೀವು ಅದರಲ್ಲಿ ಇಪ್ಪತ್ತು ಗುಂಡು ಹೊಡೆದರೂ ಅಷ್ಟೆ, ಇನ್ನೂರು ಹೊಡೆದರೂ ಅಷ್ಟೆ. ಚೆನ್ನಾಗಿ ಒರೆಸಿ ಇಟ್ಟುಕೊಂಡರೆ ಮಾಮೂಲಿ ಹಳೆಯ 94ಗೆ ಬರುವ ಬೆಲೆ ಯಾವತ್ತಿದ್ದರೂ ಬರುತ್ತದೆ. ಎಂಟು ಮೂಲೆಯ ನಳಿಗೆ, ಕಪ್ಪು ಕ್ರೋಮಿನ ರಿಸೀವರ್, ಬಟ್‌ನಲ್ಲಿ (ಭುಜಕ್ಕೆ ಒತ್ತುವ ಹಿಂದಿನ ಮರ) ಕೂರಿಸಿದ ಪದಕ ಎಲ್ಲ ನಿಮಗೆ ಬಿಟ್ಟಿ.

ಬಫಲೋ ಬಿಲ್ ಅಂದರೆ ವಿಲಿಯಂ ಕೋಡಿ. ಸೀರಿಯಲ್ ನಂಬರಿನ ಮುಂದೆ ಡಬ್ಲ್ಯು ಸಿ ಅಂತ ಇರುವುದು ಅದಕ್ಕೇ. ಈ ಕೋವಿಯ ಮಾರಾಟದಿಂದ ಒಂದಿಷ್ಟು ದುಡ್ಡು ವಯೋಮಿಂಗ್‌ನ ಕೋಡಿ ಊರಿನ ಅವನ ಸ್ಮಾರಕ ಸಂಘಕ್ಕೆ ಹೋಯಿತು. ವಿಂಚೆಸ್ಟರ್‌ನ ಹಳೆಯ ಮ್ಯೂಸಿಯಂ ಕೋವಿಗಳೂ ಈಗ ಅದೇ ಊರಲ್ಲಿವೆ. ಯೆಲ್ಲೋಸ್ಟೋನ್ ನೋಡಲು ಹೋದರೆ ಪೂರ್ವದ ಬಾಗಿಲಿಂದ ಹೊರಬಂದು ಒಂದು ದಿನ ಅಲ್ಲಿ ಇಡಿ. ಆದರೆ ಕಾಡೆಮ್ಮೆ ಹೊಡೆದು ಹೆಸರು ಮಾಡಿದಾಗ ಕೋಡಿಯ ಕೈಯಲ್ಲಿದ್ದದ್ದು ಸ್ಪ್ರಿಂಗ್‌ಫೀಲ್ಡ್‌ನ ಸರ್ಕಾರಿ ಕಾರ್ಖಾನೆಯ ಒಂಟಿ ಗುಂಡಿನ ಕೋವಿ. ಆಮೇಲೆ ಅವನು ಹೊಗಳಿ ಪತ್ರ ಬರೆದದ್ದು ವಿಂಚೆಸ್ಟರ್ 1873ರ ಬಗ್ಗೆ. 94 ಹುಟ್ಟುವ ಹೊತ್ತಿಗೆ ಅವನ ಕಾಡೆಮ್ಮೆಗಳ ಕಾಲ ಮುಗಿದು ಸರ್ಕಸ್ಸಿನ ಕಾಲ ನಡೆಯುತ್ತಿತ್ತು. ಜಾನ್ ವೇಯ್ನ್‌ದೂ ಅದೇ ಕಥೆ. ಅವನು ಪರದೆಯ ಮೇಲೆ ತಿರುಗಿಸುತ್ತಿದ್ದ ದೊಡ್ಡ ಬಳೆಯಂಥ ಲಿವರ್‌ನ ಕೋವಿ ಮಾಡೆಲ್ 1892. ಸ್ಮರಣೆಯದ್ದು 94. ಹೆಸರು ಒಬ್ಬರದು, ಕೋವಿ ಇನ್ನೊಂದು.

ಹೊಡೆಯುವ ಮೊದಲು ಕೆಲಸ ಇದೆ. ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ ಐವತ್ತು ವರ್ಷದಲ್ಲಿ ಹಲಸಿನ ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ನಳಿಗೆಗೆ ಬಟ್ಟೆ ಚೂರು ಹಾಕಿ ತಳ್ಳಿ. ಮೊದಲ ನಾಲ್ಕೈದು ಕಂದು ಬಣ್ಣವಾಗಿ ಬರುತ್ತವೆ, ಬಿಳಿ ಬರುವವರೆಗೆ ಬಿಡಬೇಡಿ. ಬೆಳಕಿಗೆ ಹಿಡಿದು ನಳಿಗೆಯೊಳಗೆ ಕಣ್ಣಿಟ್ಟು ನೋಡಿ. ತಾಮ್ರ ಕರಗಿಸುವ ಅಮೋನಿಯಾ ಇರುವ ದ್ರಾವಣ ನಿಕ್ಕಲ್ ಭಾಗಗಳಿಗೆ ತಾಗಲೇಬಾರದು, ಲೇಪದ ಅಡಿಗೆ ನುಸುಳಿ ಎಬ್ಬಿಸುತ್ತದೆ. ಮುಖ್ಯವಾಗಿ, ಹೊಳೆಯಲಿ ಅಂತ ಬ್ರಾಸೊ ಹಾಕಿ ಉಜ್ಜಬೇಡಿ. ಅದು ದೀಪದ ಕಂಬ ಅಲ್ಲ. ಲೇಪ ಕೂದಲಿಗಿಂತ ತೆಳು. ಎರಡು ದೀಪಾವಳಿಗೆ ಅದು ಇರುವುದಿಲ್ಲ.

ಬಿಚ್ಚಿ ನೋಡುವ ಆಸೆ ಇದ್ದರೆ ಕೋವಿಗೆಂದೇ ಮಾಡಿದ ಸ್ಕ್ರೂಡ್ರೈವರ್ ತನ್ನಿ. ಮನೆಯ ಸ್ಕ್ರೂಡ್ರೈವರ್‌ನ ತುದಿ ಓರೆಯಾಗಿರುತ್ತದೆ, ಜಾರಿ ಸ್ಕ್ರೂ ತಲೆ ಹಾಳು ಮಾಡುತ್ತದೆ. ಬಣ್ಣ ಹೋಯಿತು ಅಂತ ಮತ್ತೆ ಬ್ಲೂಯಿಂಗ್ (ಲೋಹಕ್ಕೆ ನೀಲಿಗಪ್ಪು ಬಣ್ಣ ಹಿಡಿಸುವುದು) ಮಾಡಿಸಲು ಹೋಗಲೇಬೇಡಿ. ಆ ಕಾಲದ ರಿಸೀವರ್‌ನ ಲೋಹಕ್ಕೆ ಮಾಮೂಲಿ ಬಿಸಿ ಬ್ಲೂಯಿಂಗ್ ಹಿಡಿಯುವುದಿಲ್ಲ. ನಾನು ಒಂದು ಸಾದಾ 1967ರ 94 ಅನ್ನು ಒಂದು ಅಂಗಡಿಗೆ ಕೊಟ್ಟಿದ್ದೆ. ಎಲ್ಲ ಗೊತ್ತು ಅಂದರು. ವಾಪಸ್ ಬಂದಾಗ ನಳಿಗೆ ಚೆಂದ ಕಪ್ಪು, ರಿಸೀವರ್ ಬದನೆಕಾಯಿ ಬಣ್ಣ. ಅದು ಈಗಲೂ ನನ್ನ ಹತ್ತಿರ ಇದೆ. ಮಗಳು ಅದಕ್ಕೆ ಬದನೆಕಾಯಿ ಅಂತಲೇ ಹೆಸರಿಟ್ಟಿದ್ದಾಳೆ. ಮೊದಲು ಜಿಂಕೆ ಹೊಡೆದದ್ದು ಅವಳು ಅದರಲ್ಲೇ.

ತೋಟಾ ವಿಷಯ. ನಳಿಗೆಯ ಮೇಲೆ ಬರೆದದ್ದನ್ನು ಓದಿ, ಬಫಲೋ ಬಿಲ್ 30-30. ಆ ತೋಟಾ ಅಲ್ಲಿ ಊರೂರಿನ ಅಂಗಡಿಯಲ್ಲೂ ಸಿಗುತ್ತದೆ. 150 ಅಥವಾ 170 ಗ್ರೇನ್ ತೂಕದ, ಮೂತಿ ಚಪ್ಪಟೆ ಅಥವಾ ಗುಂಡಗೆ ಇರುವ ಗುಂಡು ತೆಗೆದುಕೊಳ್ಳಿ. ಇದು ಚೆಂದಕ್ಕಲ್ಲ. ಈ ಕೋವಿಯಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತವೆ. ರೇಷನ್ ಅಂಗಡಿಯ ಸಾಲಿನ ಹಾಗೆ, ಹಿಂದಿನವನ ಮೂಗು ಮುಂದಿನವನ ಬೆನ್ನಿಗೆ. ಆ ಬೆನ್ನಿನ ನಡುವೆಯೇ ಕೇಪು, ಅಂದರೆ ಏಟು ಬಿದ್ದರೆ ಮದ್ದಿಗೆ ಕಿಡಿ ಹಚ್ಚುವ ಚಿಕ್ಕ ಬಿಲ್ಲೆ, ಇರುವುದು. ಚೂಪು ಮೂತಿಯ ಗುಂಡು ಹಾಕಿದರೆ, ಕೋವಿ ಒದ್ದ ಏಟಿಗೆ ಕೊಳವೆಯೊಳಗೇ ಸಿಡಿಯಬಹುದು. ನಿಮ್ಮ ಎಡಗೈ ಇರುವುದು ಅದರ ಕೆಳಗೆ. ಚೂಪಾಗಿದ್ದೂ ಮೆತ್ತಗಿನ ರಬ್ಬರಿನಂಥ ತುದಿ ಇರುವ ಗುಂಡನ್ನು ಹಾರ್ನಡಿ ಕಂಪನಿ ಲಿವರ್ ಕೋವಿಗೆಂದೇ ಮಾಡುತ್ತದೆ. ಅದು ಪರವಾಗಿಲ್ಲ.

ಇಲ್ಲೇ ಇನ್ನೊಂದು ಎಚ್ಚರ, ನಿಮಗಲ್ಲದಿದ್ದರೂ ಇದನ್ನು ಓದುವ ಬೇರೆಯವರಿಗೆ. ಚೀಫ್ ಕ್ರೇಜಿ ಹಾರ್ಸ್, ಆಲಿವರ್ ವಿಂಚೆಸ್ಟರ್ ಮುಂತಾದ ಕೆಲವು ಸ್ಮರಣೆಯ ಕೋವಿಗಳು 38-55 ತೋಟಾದವು. 375 ವಿಂಚೆಸ್ಟರ್ ಅನ್ನುವ ಹೊಸ ತೋಟಾ ಅದೇ ವಂಶದ್ದು, ಸ್ವಲ್ಪ ಗಿಡ್ಡ. 38-55 ಕೋವಿಯಲ್ಲಿ ತೋಟಾ ಕೂರುವ ಕೋಣೆಯೊಳಗೆ ಅದು ಸಲೀಸಾಗಿ ಹೋಗುತ್ತದೆ. ಆದರೆ ಒತ್ತಡ ತುಂಬಾ ಜಾಸ್ತಿ. ಹೋಗುತ್ತದೆ ಅಂತ ಹಾಕಬೇಡಿ.

ಬಟ್ ನೋಡಿದಿರಾ, ಅರ್ಧಚಂದ್ರದ ಹಾಗೆ ಒಳಗೆ ಬಾಗಿದೆ. ನಿಕ್ಕಲ್ ತಗಡು, ಎರಡು ಕೊಂಬು. ಈಗಿನ ಕೋವಿಯ ಹಾಗೆ ಎದೆಯ ಹತ್ತಿರ ಭುಜದ ಗುಳಿಗೆ ಒತ್ತಿದರೆ ಕೆಳಗಿನ ಕೊಂಬು ಚುಚ್ಚುತ್ತದೆ, ಸಂಜೆಗೆ ನೀಲಿ ಕಟ್ಟುತ್ತದೆ. ಸ್ವಲ್ಪ ಆಚೆ, ಭುಜ ತೋಳಿಗೆ ಕೂಡುವ ಜಾಗದಲ್ಲಿ ಆ ಚಂದ್ರ ಸರಿಯಾಗಿ ಅಪ್ಪಿಕೊಳ್ಳುತ್ತದೆ. ಹಳಬರು ಹಾಗೇ ಹಿಡಿಯುತ್ತಿದ್ದರು. ಎಂಟು ಮೂಲೆಯ ನಳಿಗೆಯ ಭಾರ ಮುಂದೆ ಇರುವುದರಿಂದ ಒದೆತ ಅಷ್ಟು ಗೊತ್ತಾಗುವುದಿಲ್ಲ, ಗುರಿಯೂ ಅಲುಗುವುದಿಲ್ಲ. ಖಾಲಿ ತೋಟಾ ಮೇಲಕ್ಕೆ ಹಾರುತ್ತದೆ, ಒಮ್ಮೊಮ್ಮೆ ಟೋಪಿಯ ಮೇಲೆ ಬೀಳುತ್ತದೆ. ಕುತ್ತಿಗೆಯ ಗುಂಡಿ ಹಾಕಿಕೊಳ್ಳಿ. ಬಿಸಿ ಹಿತ್ತಾಳೆ ಅಂಗಿಯೊಳಗೆ ಇಳಿದರೆ ಮನುಷ್ಯ ಕೋವಿ ಹಿಡಿದುಕೊಂಡೇ ಕುಣಿಯುತ್ತಾನೆ, ರೇಂಜಿನಲ್ಲಿ ಅದಕ್ಕಿಂತ ಅಪಾಯ ಬೇರೆ ಇಲ್ಲ.

ಈ ಕಾಲದ 94ಗಳಲ್ಲಿ ಅಡ್ಡ ಗುಂಡಿಯ ಸೇಫ್ಟಿ ಇಲ್ಲ. ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸುವ ಹಲ್ಲು ಇದೆ, ಅಷ್ಟೆ. ತೋಟಾ ಒಳಗಿದ್ದಾಗ ಹೆಬ್ಬೆರಳಿನಲ್ಲಿ ಹ್ಯಾಮರ್ ಇಳಿಸುವುದನ್ನು ಮೊದಲು ಖಾಲಿ ಕೋವಿಯಲ್ಲಿ ಚೆನ್ನಾಗಿ ಅಭ್ಯಾಸ ಮಾಡಿ. ಬೆವರಿದ ಬೆರಳು ಜಾರುತ್ತದೆ.

ಇನ್ನು ಜಾನ್ ವೇಯ್ನ್. ಇದನ್ನು ಹೊಡೆಯಬೇಡಿ ಅನ್ನುವುದಕ್ಕೆ ಪೆಟ್ಟಿಗೆ ಒಂದೇ ಕಾರಣ ಅಲ್ಲ. ಅದು 32-40 ತೋಟಾದ್ದು. 94 ಹುಟ್ಟಿದಾಗಲೇ ಇದ್ದ ಹಳೆಯ ತೋಟಾ. ಈ ಕೋವಿಗೆಂದೇ ಕಂಪನಿ ಮತ್ತೆ ಮಾಡಿ, ಅವನ ಹೆಸರು ಹಾಕಿದ ಡಬ್ಬಿಯಲ್ಲಿ ಮಾರಿತು. ಈಗ ಆ ಡಬ್ಬಿಯನ್ನೇ ಸಂಗ್ರಹಿಸುವವರಿದ್ದಾರೆ. ಅಂದರೆ ನೀವು ಒಂದು ಗುಂಡು ಹೊಡೆದರೆ ಕೋವಿಯ ಬೆಲೆಯೂ ಹೋಯಿತು, ತೋಟಾದ ಬೆಲೆಯೂ ಹೋಯಿತು. ಅದರಲ್ಲಿ ಸಿಗುವ ಸುಖ 30-30ಗಿಂತ ಒಂದು ಗುಲಗಂಜಿ ಜಾಸ್ತಿ ಇಲ್ಲ. ಐವತ್ತು ಸಾವಿರದ ಹತ್ತಿರ ಮಾಡಿದರೂ ಜಾನ್ ವೇಯ್ನ್ ಹೆಸರಿಗೆ ಇನ್ನೂ ಅಭಿಮಾನಿಗಳಿದ್ದಾರೆ, ಕೋವಿ ಗೊತ್ತಿಲ್ಲದವರೂ ಗೋಡೆಗೆ ಬೇಕು ಅಂತ ಕೊಳ್ಳುತ್ತಾರೆ. ಆ ಅಭಿಮಾನಿಗಳಿಗೂ ವಯಸ್ಸಾಗುತ್ತಿದೆ. ನಾನಾದರೆ ಈಗಲೇ ಮಾರಿ, ಆ ದುಡ್ಡಿಗೆ 64ಕ್ಕೆ ಮೊದಲಿನ, ಬಣ್ಣ ಮಾಸಿದ, ಬಟ್ ಕೈಬೆವರಿಗೆ ಕಪ್ಪಾದ ಒಂದು ಸಾದಾ 94 ತರುತ್ತೇನೆ. ಮಿಕ್ಕ ದುಡ್ಡಿಗೆ ತೋಟಾ.

ಮಾರುವುದಿಲ್ಲ, ಅಜ್ಜನ ನೆನಪು ಅಂದರೆ ಇಟ್ಟುಕೊಳ್ಳಿ. ಆದರೆ ಆ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಇಡಬೇಡಿ! ನಾನು ಮಾಡಿದ ತಪ್ಪು ಇದು. ಆಗ ಲೂಯಿಸಿಯಾನಾದಲ್ಲಿದ್ದೆ. ಅಲ್ಲಿನ ಸೆಕೆ ನಮ್ಮ ಮಂಗಳೂರಿಗೆ ಅಣ್ಣ. ಒಂದು ಗೋಲ್ಡನ್ ಸ್ಪೈಕ್ ಕೊಂಡು, ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಬಟ್ಟೆಯ ಬೀರುವಿನ ಮೇಲೆ ಏರಿಸಿ ಆರು ವರ್ಷ ಮರೆತೆ. ತೆಗೆದಾಗ ಥರ್ಮಾಕೋಲ್ ತಾಗಿದ ಕಡೆಯೆಲ್ಲ ನಳಿಗೆಯ ಮೇಲೆ ಸೊಳ್ಳೆ ಕಚ್ಚಿದ ಹಾಗೆ ಕೆಂಪು ಚುಕ್ಕೆ. ಒಳಗೆ ಸಿಕ್ಕಿದ ತೇವ ಆಚೆ ಹೋಗಲು ದಾರಿ ಇರಲಿಲ್ಲ. ತೊಟ್ಟಿಲಲ್ಲಿ ಮಲಗಿಸಿ ನಾನೇ ತುಕ್ಕು ಹಿಡಿಸಿದ್ದೆ. ಈಗ ಕೋವಿ ಬೇರೆ, ಪೆಟ್ಟಿಗೆ ಬೇರೆ. ಹತ್ತಿ ಕೈಗವಸು ಹಾಕಿಕೊಂಡು, ತೆಳುವಾಗಿ ಎಣ್ಣೆ ಸವರಿ, ಸಿಲಿಕೋನ್ ಹಚ್ಚಿದ ಬಟ್ಟೆಚೀಲದಲ್ಲಿ ಹಾಕಿ, ಸೇಫಿನೊಳಗೆ ಸಿಲಿಕಾ ಜೆಲ್ ಡಬ್ಬಿಯ ಪಕ್ಕ ನಿಲ್ಲಿಸುತ್ತೇನೆ. ಖಾಲಿ ಪೆಟ್ಟಿಗೆಗಳು ಬೀರುವಿನ ಮೇಲೆ. ಹೆಂಡತಿ ಅದಕ್ಕೂ ಬೈಯುತ್ತಾಳೆ, ಅದು ಬೇರೆ ವಿಷಯ.

ಕಾನೂನಿನ ಎರಡು ಮಾತು, ನಮ್ಮವರು ಇಲ್ಲೇ ಎಡವುತ್ತಾರೆ. ನಿಮಗೆ ಗ್ರೀನ್ ಕಾರ್ಡ್ ಇದೆ, ತೊಂದರೆ ಇಲ್ಲ. ನಿಮ್ಮ ಜೊತೆ ರೇಂಜಿಗೆ ಬರುವ, ಎಚ್-1ಬಿ ಕೆಲಸದ ವೀಸಾದ ಹುಡುಗರಿಗೆ ಹಾಗಲ್ಲ. ಅಮೆರಿಕದ ಒಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಜೇಬಿನಲ್ಲಿ ಇಲ್ಲದಿದ್ದರೆ ಅವರು ಕೋವಿ ಕೈಯಲ್ಲಿ ಹಿಡಿಯುವುದೂ ಫೆಡರಲ್ ತಪ್ಪಿನ ಲೆಕ್ಕಕ್ಕೆ ಬರಬಹುದು. ಒಂದು ಗುಂಡು ಹೊಡೆದು ಫೋಟೋ ಹಾಕಿಕೊಳ್ಳುವ ಆಸೆಗೆ ವೀಸಾ ಹೋಗುವುದು ಬೇಡ. ಮೊದಲು ಲೈಸೆನ್ಸ್ ತೋರಿಸಪ್ಪಾ ಅನ್ನಿ. ಇನ್ನು ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಊರಲ್ಲಿ ಇರುವ ಲೈಸೆನ್ಸ್ ವಿನಾಯಿತಿ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿದದ್ದು ನಿಮಗೆ ಗೊತ್ತೇ ಇದೆ. ಅದನ್ನು ನೆನೆದುಕೊಂಡು ಈ ಕೋವಿಯನ್ನು ಊರಿಗೆ ಒಯ್ಯುವ ಯೋಚನೆ ಮಾಡಬೇಡಿ. ಲೈಸೆನ್ಸ್ ಬೇಡ ಅನ್ನುವುದು ಬೇರೆ, ವಿದೇಶದಿಂದ ತರುವುದು ಬೇರೆ. ಕಸ್ಟಮ್ಸ್‌ನವರು ಕೈಲ್‌ಪೊಳ್ದ್ ಅಂದರೆ ಕೇಳುವುದಿಲ್ಲ.

ಕೈಲ್‌ಪೊಳ್ದ್ ಅಂದ ಮೇಲೆ ಕೊನೆಯದಾಗಿ ಒಂದು. ಸೆಪ್ಟೆಂಬರ್ ಮೊದಲ ವಾರ ಬಫಲೋ ಬಿಲ್‌ಗೆ ನೀವು ಪೂಜೆ ಮಾಡಿಯೇ ಮಾಡುತ್ತೀರಿ ಅಂತ ನನಗೆ ಗೊತ್ತು. ತೋಕ್ ಪೂ, ಪೂಜೆಯಲ್ಲಿ ಕೋವಿಗೆ ಸಿಕ್ಕಿಸುವ ಹೂವು, ಅಲ್ಲೂ ಸಿಗುತ್ತದೆ. ಗ್ಲೋರಿಯೋಸಾ ಲಿಲಿ ಅಂತ ನರ್ಸರಿಯಲ್ಲಿ ಕೇಳಿ, ಗಡ್ಡೆ ಕೊಡುತ್ತಾರೆ, ಟೆಕ್ಸಾಸ್ ಬಿಸಿಲಿಗೆ ಚೆನ್ನಾಗಿ ಬರುತ್ತದೆ. ಗಡ್ಡೆ ವಿಷ, ಮಕ್ಕಳು ನಾಯಿ ಇದ್ದರೆ ಕುಂಡದಲ್ಲಿ ಎತ್ತರಕ್ಕೆ ಇಡಿ. ಗಂಧ ಕುಂಕುಮವನ್ನು ಬಟ್‌ನ ಮರಕ್ಕೆ ಹಚ್ಚಿ, ಕ್ರೋಮಿಗೂ ನಿಕ್ಕಲ್‌ಗೂ ಬೇಡ. ಹೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸಿದರೆ ತೊಟ್ಟಿನ ಚೂರು ಒಳಗೆ ಉಳಿಯಬಹುದು. ತೆಂಗಿನಕಾಯಿಗೆ ಗುರಿ ಇಡುವ ಮೊದಲು ಲಿವರ್ ಇಳಿಸಿ, ಒಂದು ಒಣ ಬಟ್ಟೆ ತಳ್ಳಿ, ಆಚೆ ಕಡೆಯ ಬೆಳಕು ಕಾಣುತ್ತದಾ ನೋಡಿಕೊಂಡು ಆಮೇಲೆ ತೋಟಾ ಹಾಕಿ.